ದೇವೀರಿಯ ದುಂಡು

ನಮ್ಮೂರಿಗೆ ಹೊಸದಾಗಿ ಬಂದವರು ಮೊದಲು ನಮ್ಮ ತೋಳು ನೋಡುತ್ತಾರೆ, ಆಮೇಲೆ ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. "ಹುಳುಕಡ್ಡಿ ಆಗಿದೆಯಲ್ಲಮ್ಮ, ಮುಲಾಮು ಹಚ್ಚಬಾರದಾ?" ಎಂದು ಕನಿಕರದಿಂದ ಕೇಳುತ್ತಾರೆ. ನಾವು ಅವರಿಗೆ ಕಾಫಿ ಕೊಟ್ಟು ಸುಮ್ಮನಾಗುತ್ತೇವೆ. ಮುಲಾಮು ಹಚ್ಚಿ ತೆಗೆಯುವುದಕ್ಕೆ ಅದೇನು ರೋಗವೇ? ಅದು ನಮ್ಮ ಮನೆಯ ದುಂಡು.

ಒಂದೊಂದು ಮನೆಗೆ ಒಂದೊಂದು ದುಂಡು. ನಮ್ಮದು ಪುರಿಭಟ್ಟಿ, ಕಡ್ಲೆಪುರಿ ಹುರಿಯುವ ಮನೆ. ನಮ್ಮ ದುಂಡು ಎರಡು ಸುತ್ತಿನದು, ಒಂದರೊಳಗೊಂದು. ಗಾಣದ ಮನೆಯವರದಕ್ಕೆ ಚಕ್ಕುಲಿಯ ಹಾಗೆ ಮುಳ್ಳು. ಹಗ್ಗದ ಕೇರಿಯ ಕೆಂಪಾಜಮ್ಮನ ಮನೆಯದಕ್ಕೆ ಒಂದೇ ಸುತ್ತು, ಆದರೆ ಅಂಚು ಹುರಿ ಹಾಕಿದಂತೆ ತಿರುಚಿಕೊಂಡಿರುತ್ತದೆ. ದಿನಕ್ಕೆ ಒಂದು ಸಲ, ತನ್ನ ಹೊತ್ತಿಗೆ, ಒಂದು ಮನೆಯ ದುಂಡುಗಳೆಲ್ಲ ಒಟ್ಟಿಗೇ ತುರಿಸುತ್ತವೆ. ನಮಗೆ ಬೆಳಗ್ಗೆ ಭಟ್ಟಿಗೆ ಬೆಂಕಿ ಹಾಕುವ ಹೊತ್ತಿಗೆ. ಹಗ್ಗದ ಮನೆಗೆ ನಡುಮಧ್ಯಾಹ್ನ. ಹಗ್ಗ ಹೊಸೆಯುತ್ತಿದ್ದ ಕೈಗಳೆಲ್ಲ ಒಮ್ಮೆಗೇ ನಿಂತು, ಕೆರೆದುಕೊಂಡು, ಮತ್ತೆ ಕೆಲಸಕ್ಕೆ ಹೋಗುತ್ತವೆ. ನನ್ನ ಮೈದುನ ಲಾರಿ ಓಡಿಸುತ್ತಾನೆ. ಯಾವ ಘಟ್ಟದ ತಿರುವಿನಲ್ಲಿದ್ದರೂ ನಮ್ಮ ಮನೆಯ ಹೊತ್ತಿಗೆ ಲಾರಿ ಪಕ್ಕಕ್ಕೆ ಹಾಕುತ್ತಾನಂತೆ. ಇಲ್ಲಿ ನಾವು ತೋಳು ಕೆರೆದುಕೊಳ್ಳುತ್ತಾ ಅವನೂ ಕೆರೆದುಕೊಳ್ಳುತ್ತಿರುತ್ತಾನೆ ಎಂದುಕೊಳ್ಳುತ್ತೇವೆ. ಅವನಿಗೆ ಫೋನು ಮಾಡುವುದು ಹಬ್ಬಕ್ಕೆ ಮಾತ್ರ.

ಆ ಸುಖ ಹೊರಗಿನವರಿಗೆ ಹೇಳಿದರೆ ಅರ್ಥವಾಗುವುದಿಲ್ಲ. ಹಿಂದಿನ ದಿನ ಗಂಡ ಹೆಂಡಿರು ಎಷ್ಟೇ ಕಚ್ಚಾಡಿದ್ದರೂ ಬೆಳಗ್ಗೆ ಎದುರುಬದುರು ಕೂತು ಪರಪರ ಕೆರೆದುಕೊಳ್ಳುವಾಗ ಮುಖದ ಬಿಗಿ ತಾನಾಗಿ ಸಡಿಲವಾಗುತ್ತದೆ. ಹಾಗೆಂದು ಎಲ್ಲ ಸಲವೂ ಒಳ್ಳೆಯದೇ ಆಗುತ್ತದೆ ಎಂದಲ್ಲ. ಒಂದು ಮದುವೆಯಲ್ಲಿ ಮುಹೂರ್ತದ ಹೊತ್ತಿಗೆ ಸರಿಯಾಗಿ ಗಂಡಿನ ಸೋದರಮಾವನೂ ಅಡುಗೆಯವನ ಹೆಂಡತಿಯೂ ಒಟ್ಟಿಗೇ ಬೆನ್ನು ಕೆರೆದುಕೊಂಡರು. ಆ ಕಥೆ ಈಗ ಬೇಡ ಬಿಡಿ.

ದುಂಡು ರಕ್ತದಲ್ಲೇ ಬರುತ್ತದೆ ಎನ್ನುತ್ತಾರೆ ನಮ್ಮ ಹಿರಿಯರು. ಹಾಗೆನ್ನುವವರೇ ತಮ್ಮ ಮನೆಯ ಟವೆಲ್ಲನ್ನು ಬೇರೆಯವರ ಕೈಗೆ ಕೊಡುವುದಿಲ್ಲ. ಹೊಸ ಸೊಸೆ ಬಂದರೆ ಮೊದಲ ನೀರು ಹಾಕಿದ ದಿನವೇ ಮನೆಯ ಟವೆಲ್ಲಿನಲ್ಲಿ ತಿಕ್ಕಿ ತಿಕ್ಕಿ ಒರೆಸುತ್ತಾರೆ. ಎರಡು ಮಾತೂ ಒಂದೇ ಬಾಯಲ್ಲಿ ಹೇಗೆ ಹಿಡಿಸುತ್ತವೋ, ನಾನು ಕೇಳಲು ಹೋಗಿಲ್ಲ. ನಾನು ಸೊಸೆಯಾಗಿ ಬಂದಾಗಲೂ ಹೀಗೇ ಆಯಿತು. ಸ್ವಲ್ಪ ಕಾಲ ತವರಿನ ಹೊತ್ತಿಗೊಂದು ಸಲ, ಗಂಡನ ಮನೆಯ ಹೊತ್ತಿಗೊಂದು ಸಲ ಕೆರೆದುಕೊಂಡೆ. ಆಮೇಲೆ ತವರಿನದು ಮಾಸಿತು. ಅದು ತುರಿಸದೆ ಹೋದ ಮೊದಲ ದಿನ ನಾನು ಹಿತ್ತಲಲ್ಲಿ ಕೂತು ಅತ್ತಿದ್ದೆ.

ನಮ್ಮೂರಿನಲ್ಲಿ ಜನ ಹೆದರುವುದು ಒಂಟಿ ತುರಿಕೆಗೆ. ಯಾರ ಹೊತ್ತಿಗೂ ಕೂಡದೆ ತಾನೊಬ್ಬನೇ ಕೆರೆದುಕೊಳ್ಳಬೇಕಾದವನಿಗೆ ಮನೆಯಿಲ್ಲ ಎಂದೇ ಲೆಕ್ಕ. ಅಂಥವರು ಊರ ಛತ್ರಕ್ಕೆ ಸೇರಬೇಕು ಎಂಬುದು ಕಟ್ಟಳೆ. ಛತ್ರದಲ್ಲಿ ಹೊಟ್ಟೆಗೆ ಕೊರತೆಯಿಲ್ಲ. ಅಲ್ಲಿನ ಟವೆಲ್ಲು ಬಳಸಿ ಬಳಸಿ ಕೊನೆಗೆ ಛತ್ರದ ದುಂಡೇ ಬರುತ್ತದೆ, ದೀಪ ಹಚ್ಚುವ ಹೊತ್ತಿಗೆ ಎಲ್ಲರೂ ಜಗುಲಿಯ ಮೇಲೆ ಸಾಲಾಗಿ ಕೂತು ಕೆರೆದುಕೊಳ್ಳುತ್ತಾರೆ. ಆದರೂ ಯಾವ ತಾಯಿ ತಾನೇ ಮಗುವನ್ನು ಆ ಜಗುಲಿಗೆ ಕಳಿಸಿಯಾಳು?

ನನ್ನ ದೇವೀರಿಯನ್ನು ಕಳಿಸಬೇಕಾಗುವ ಹಾಗೆ ಆಗಿತ್ತು.

ದೇವೀರಿ ನಾನು ಹೆತ್ತವಳಲ್ಲ. ಹಗ್ಗದ ಕೇರಿಯ ಕೆಂಪಾಜಮ್ಮನ ಮೊಮ್ಮಗಳು. ಅವಳನ್ನು ಹೆತ್ತ ತಾಯಿ ಬಾಣಂತನದಲ್ಲೇ ಹೋದಳು, ಅಪ್ಪ ಊರು ಬಿಟ್ಟು ಇನ್ನೆಲ್ಲೋ ಸಂಸಾರ ಹೂಡಿದ. ಕತ್ತಾಳೆ ನಾರಿನ ದೂಳಿನಲ್ಲಿ ಕೆಮ್ಮುತ್ತಿದ್ದ ಕೆಂಪಾಜಮ್ಮ ಒಂದು ದಿನ ತೊಟ್ಟಿಲ ಬಟ್ಟೆಯ ಸಮೇತ ಮಗುವನ್ನು ತಂದು ನನ್ನ ಮಡಿಲಿಗೆ ಹಾಕಿದರು. ಮಕ್ಕಳಿಲ್ಲದ ನಾನು ಭಟ್ಟಿಯ ಮುಂದೆ ಕೂತಿದ್ದೆ, ಕೈಯೆಲ್ಲ ಪುರಿ ಹುರಿಯುವ ಮರಳು. "ಸಾಕ್ಕೋ ಹೊಂಬಾಳಿ. ದುಂಡು ಏಳೋ ಹೊತ್ಗೆ ಯಾರ ಮನೇದು ಅಂತ ಗೊತ್ತಾಯ್ತದೆ. ಆಗ ನೋಡಾನ," ಅಂದರು. ಆ ಹೊತ್ತಿನಲ್ಲಿ ನಾನು ಅವರ ಮಾತು ಕೇಳಿಸಿಕೊಳ್ಳಲೇ ಇಲ್ಲ. ಮಗುವಿನ ಮುಷ್ಟಿ ನನ್ನ ಹೆಬ್ಬೆರಳನ್ನು ಹಿಡಿದುಕೊಂಡಿತ್ತು.

ನಮ್ಮೂರಿನ ಮಕ್ಕಳಿಗೆ ಹಾಲುಹಲ್ಲೆಲ್ಲ ಬಿದ್ದು ಮುಗಿಯುವ ವಯಸ್ಸಿನಲ್ಲಿ ದುಂಡು ಏಳುತ್ತದೆ. ದೇವೀರಿಗೆ ಕತ್ತಿನ ಕೆಳಗೆ, ಬಲಭುಜದ ಮೇಲೆ ಎದ್ದಿತು. ನಾನು ಜಡೆ ಸರಿಸಿ ನೋಡಿದೆ. ಎರಡು ಸುತ್ತು! ಹೋದ ಜೀವ ಬಂದಂತಾಯಿತು. ಆದರೆ ಬೆಳಕಿಗೆ ಹಿಡಿದು ನೋಡಿದರೆ ಎರಡೂ ಸುತ್ತಿನ ಅಂಚು ಹಗ್ಗದ ಹಾಗೆ ತಿರುಚಿಕೊಂಡಿತ್ತು.

ನಮ್ಮ ಯಜಮಾನರಾದ ಜವರಯ್ಯ ಕನ್ನಡಕ ಏರಿಸಿ ನೋಡಿ, ಇಳಿಸಿ ನೋಡಿ, "ನಮ್ದೇ ಕಣೇ. ಸ್ವಲ್ಪ ನಾಚ್ಕೊಂಡದೆ ಅಷ್ಟೆ," ಎಂದರು. ಈ ಮನುಷ್ಯನಿಗೆ ಸೀದ ಪುರಿಯೂ ಚೆನ್ನಾಗಿಯೇ ಕಾಣುತ್ತದೆ. ಆ ಮಾತಿಗೆ ಕೂಡಲೇ ನಕ್ಕೆ, ಆಮೇಲೆ ನಿದ್ದೆ ಬರಲಿಲ್ಲ.

ಸುದ್ದಿ ಹಗ್ಗದ ಕೇರಿಗೆ ಮುಟ್ಟಲು ಎಷ್ಟು ಹೊತ್ತು? ಕೆಂಪಾಜಮ್ಮ ಕೋಲೂರಿಕೊಂಡು ಬಂದರು, ಹಿಂದೆ ಅವರ ತಮ್ಮನ ಮಗ. "ಅಂಚು ನಮ್ದು. ರಕ್ತ ನಮ್ದು. ಕೂಸು ನಮ್ಮನೇಗೆ ಬರ್ಲಿ," ಎಂದು ಅವನು ಬಾಗಿಲಲ್ಲೇ ನಿಂತು ಹೇಳಿದ. ಕೆಂಪಾಜಮ್ಮನ ಕಣ್ಣು ದೇವೀರಿಯ ಮೇಲಿತ್ತು. ದೇವೀರಿ ನನ್ನ ಬೆನ್ನ ಹಿಂದೆ ಬಂದು ನಿಂತಳು.

ಇಂಥ ವ್ಯಾಜ್ಯಗಳನ್ನು ತೀರಿಸುವವರು ಮುದ್ದಮ್ಮ. ಒಂದು ಕಾಲದಲ್ಲಿ ಊರಿನ ಹೆರಿಗೆಯೆಲ್ಲ ಅವರ ಕೈಯಲ್ಲೇ ಆಗುತ್ತಿತ್ತು, ಹಾಗಾಗಿ ಊರಿನಲ್ಲಿ ಯಾರೂ ಅವರ ಮುಂದೆ ದೊಡ್ಡಸ್ತಿಕೆ ತೋರಿಸುವಂತಿಲ್ಲ. ಅವರು ದುಂಡನ್ನು ಬೆರಳಿನಿಂದ ಸವರಿ, "ಕಣ್ಣಿಗೆ ಗೊತ್ತಾಗಕಿಲ್ಲ. ತುರಿಕೇನೇ ಹೇಳ್ಬೇಕು," ಎಂದರು. ಊರ ಕೂಟ ಸೇರಿ ಎಲ್ಲರೆದುರು ದುಂಡಿನ ಹೊತ್ತು ನೋಡುವವರೆಗೆ ದುಂಡಿಗೆ ಅರಿಶಿನದ ಕಟ್ಟು. ಕಟ್ಟಿನ ಕೆಳಗೆ ದುಂಡು ತುರಿಸುವುದಿಲ್ಲ, ಮುಂಚೆಯೇ ಹೊತ್ತು ತಿಳಿದು ಯಾರೂ ಅಭ್ಯಾಸ ಮಾಡಿಕೊಳ್ಳುವ ಹಾಗಿಲ್ಲ. ಮಗುವಿಗೆ ಹೊಸ ಟವೆಲ್ಲು, ಬೇರೆ ಚಾಪೆ, ಬೇರೆ ಬಾಚಣಿಗೆ. "ನಿನ್ ಮನೆ ಟವೆಲ್ ಸೋಕಿಸ್ದೆ ಅಂತ ನಂಗೆ ಗೊತ್ತಾದ್ರೆ, ಹೊಂಬಾಳಿ, ಅವತ್ತೇ ಕೂಸು ಹಗ್ಗದ ಕೇರಿಗೆ," ಎಂದು ನನ್ನ ಮುಖಕ್ಕೆ ಬೆರಳು ತೋರಿಸಿದರು.

ನಾನು ಎಲ್ಲವನ್ನೂ ಪಾಲಿಸಿದೆ. ದೇವರಾಣೆ, ಒಂದನ್ನೂ ಮೀರಲಿಲ್ಲ. ಅವಳ ಚಾಪೆಯನ್ನು ಆ ಗೋಡೆಗೆ ಹಾಸಿ ಈ ಗೋಡೆಯ ಬದಿಯಲ್ಲಿ ಮಲಗುತ್ತಿದ್ದೆ. ಅವಳು ಶಾಲೆಯಿಂದ ಬಂದು, "ಅವ್ವ, ನನ್ನ ಛತ್ರಕ್ಕೆ ಕಳಿಸ್ತಾರಂತೆ ಹೌದಾ? ಶಾಲೇಲಿ ಅಂತಿದ್ರು," ಎಂದು ಅತ್ತಾಗ ಮುಖ, ಕತ್ತು ಎಲ್ಲ ಒರೆಸಿ, "ಯಾರಂದೋರು ಹಂಗೆ? ಅವರ ಬಾಯಿಗೆ ಬಿಸಿ ಪುರಿ ಹಾಕ್ತೀನಿ ಬಾ," ಎಂದು ಸಮಾಧಾನ ಮಾಡುತ್ತಿದ್ದೆ. ಒದ್ದೆಯಾದ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮತ್ತೆ ಭಟ್ಟಿಯ ಮುಂದೆ ಕೂರುತ್ತಿದ್ದೆ. ಸೊಂಟದ ಸುತ್ತ ಬೆವರುಸಾಲೆ ಎದ್ದು ಸಂಜೆಯ ಟೀ ಕಾಯಿಸುವ ಹೊತ್ತಿಗೆ ಚುರುಚುರು ಎನ್ನುತ್ತಿತ್ತು. ಬೆಂಕಿಯ ಮುಂದೆ ಕೂರುವವರಿಗೆ ಅದೇನು ಹೊಸದೇ?

ತಡೆಯಲಾರದೆ ಒಂದು ದಿನ ಡಾಕ್ಟರ್ ಜುಲೇಖಾ ಅವರ ಹತ್ತಿರ ಹೋದೆ. ಆಕೆ ಹೊರಗಿನಿಂದ ಬಂದವರು, ಛತ್ರದ ಮಹಡಿಯ ಕೋಣೆಯಲ್ಲಿದ್ದು ನಮ್ಮ ದುಂಡುಗಳನ್ನು ಕೆರೆದು ತೆಗೆದು ಗಾಜಿನ ತಟ್ಟೆಯಲ್ಲಿ ಬೆಳೆಸುತ್ತಿದ್ದರು. ಛತ್ರದ ಟವೆಲ್ಲಿನಿಂದ ಅವರಿಗೂ ಮೊಣಕೈ ಮೇಲೆ ಛತ್ರದ ದುಂಡು ಎದ್ದಿತ್ತು. ಡಾಕ್ಟರಾಗಿ ಮುಲಾಮು ಹಚ್ಚಿಕೊಳ್ಳುವುದು ಬಿಟ್ಟು ಅದನ್ನು ಎಲ್ಲರಿಗೂ ತೋರಿಸಿಕೊಂಡು ತಿರುಗುತ್ತಿದ್ದರು. ದೇವೀರಿಯ ದುಂಡಿನಿಂದಲೂ, ಕಟ್ಟು ಕಟ್ಟುವ ಮೊದಲೇ, ಮುದ್ದಮ್ಮನ ಎದುರಿನಲ್ಲೇ ಒಂದು ಚೂರು ಹಕ್ಕಳೆ ತೆಗೆದುಕೊಂಡು ಹೋಗಿದ್ದರು.

"ಇದು ಒಂದು ಜಾತಿ ಬೂಷ್ಟು, ಹೊಂಬಾಳಮ್ಮ," ಎಂದರು ಆಕೆ. "ಪ್ರತಿಯೊಂದರ ಒಳಗೂ ಉದ್ದನೆಯ ಒಂದು ಬರಹ ಇರುತ್ತೆ. ಜೀನೋಮ್ ಅಂತೀವಿ. ನಿಮ್ಮ ಮನೆಯವರದನ್ನೆಲ್ಲ ಪಕ್ಕಪಕ್ಕ ಇಟ್ಟು ಓದಿದ್ರೆ ಹೆಚ್ಚುಕಡಿಮೆ ಒಂದೇ. ಆದ್ರೆ ಪೂರ್ತಿ ಒಂದೇ ಅಲ್ಲ. ಬೂಷ್ಟು ಬೆಳೆಯುವಾಗ ಆ ಬರಹವನ್ನ ನಕಲು ಮಾಡುತ್ತೆ, ನಕಲು ಮಾಡುವಾಗ ಅಲ್ಲೊಂದು ಇಲ್ಲೊಂದು ಅಕ್ಷರ ತಪ್ಪುತ್ತೆ. ನಿಮ್ಮದಕ್ಕೂ ನಿಮ್ಮ ಯಜಮಾನರದಕ್ಕೂ ಒಂದಿಷ್ಟು ವ್ಯತ್ಯಾಸ ಇದೆ. ನಿಮ್ಮ ಒಂದೇ ದುಂಡಿನಲ್ಲೂ ಅಂಚಿನದು ಒಂಥರ, ನಡುವಿನದು ಒಂಥರ."

ನನಗೆ ಭಟ್ಟಿ ನೆನಪಾಯಿತು. ಒಂದೇ ಭತ್ತ, ಒಂದೇ ಮರಳು, ಒಂದೇ ಬೆಂಕಿ. ಆದರೂ ಒಂದು ಪುರಿ ಅರಳಿದ ಹಾಗೆ ಇನ್ನೊಂದು ಅರಳುವುದಿಲ್ಲ. "ಅದೇನೋ ಆಯ್ತು ಡಾಕ್ಟ್ರಮ್ಮ, ದೇವೀರೀದು ಯಾರ ಮನೇದು? ಅದು ಹೇಳಿ," ಎಂದೆ.

ಆಕೆ ಗಾಜಿನ ತಟ್ಟೆ ಕೆಳಗಿಟ್ಟರು. "ಮೂಲ ಹಗ್ಗದ ಮನೆಯದು. ತೊಟ್ಟಿಲ ಬಟ್ಟೆಯಲ್ಲಿ ಬಂದಿರಬೇಕು. ಆಮೇಲೆ ನಿಮ್ಮ ಮನೆಯದರಿಂದಲೂ ಒಂದಷ್ಟು ಭಾಗ ಸೇರಿಕೊಂಡಿದೆ. ಇನ್ನೊಂದಷ್ಟು ಯಾರದರಲ್ಲೂ ಇಲ್ಲ. ಇಷ್ಟು ವರ್ಷ ಅವಳ ಮೈಮೇಲೆ ಕಾಣದ ಹಾಗೆ ಬದುಕಿ ಬದಲಾಗಿದೆ. ನಿಮ್ಮದೂ ಅಲ್ಲ, ಅವರದೂ ಅಲ್ಲ. ಹೊಸದು, ಅವಳದೇ. ಎಷ್ಟು ಚೆನ್ನಾಗಿದೆ ಗೊತ್ತಾ?"

ಆಕೆಯ ಕಣ್ಣುಗಳು ಹೊಳೆಯುತ್ತಿದ್ದವು. ಹೊಸದು ಅಂದರೆ ಅದರ ಹೊತ್ತೂ ಹೊಸದು. ಯಾರ ಜೊತೆಯೂ ಕೂಡುವುದಿಲ್ಲ. ನನ್ನ ಮಗು ಒಂಟಿಯಾಗಿ ಕೆರೆದುಕೊಳ್ಳುತ್ತದೆ. "ಇದನ್ನ ಯಾರಿಗೂ ಹೇಳ್ಬ್ಯಾಡಿ," ಎಂದು ಆಕೆಯ ಕೈ ಹಿಡಿದುಕೊಂಡೆ. ಆಗ ಅವರಿಗೆ ಅರ್ಥವಾಯಿತು, ಮುಖ ಬಾಡಿತು. "ಕೇಳದೆ ಹೇಳಲ್ಲ, ಹೊಂಬಾಳಮ್ಮ. ಆದ್ರೆ ತುರಿಕೆನ ನಾನು ತಡೆಯಕ್ಕಾಗಲ್ವಲ್ಲ," ಎಂದರು.

ಕೂಟದ ದಿನ ಅರಳಿಕಟ್ಟೆಯ ಸುತ್ತ ಬೆಳಗಾಗುವ ಮೊದಲೇ ಜನ ಸೇರಿದ್ದರು. ಒಂದು ಕಡೆ ನಾವು, ಒಂದು ಕಡೆ ಹಗ್ಗದ ಮನೆಯವರು, ದೂರದಲ್ಲಿ ಛತ್ರದವರು, ಅವರ ನಡುವೆ ಡಾಕ್ಟರಮ್ಮ. ನಡುವೆ ಮಣೆಯ ಮೇಲೆ ದೇವೀರಿ, ಅವಳ ಪಕ್ಕ ಮುದ್ದಮ್ಮ. ಕಟ್ಟು ಬಿಚ್ಚಿ ಅರಿಶಿನ ತೊಳೆದರು. ಸುಮ್ಮನೆ ಕೆರೆದುಕೊಂಡರೆ ಆಗುವುದಿಲ್ಲ, ದುಂಡು ತಾನಾಗಿ ಕೆಂಪೇರಬೇಕು. ಮುದ್ದಮ್ಮ ಅದನ್ನೇ ನೋಡುತ್ತಾ ಕೂತರು.

ಸೂರ್ಯ ಏಳುವ ಹೊತ್ತಿಗೆ ನಮ್ಮ ಮನೆಯ ತುರಿಕೆ ಬಂತು. ಜವರಯ್ಯ, ನಾನು, ನಮ್ಮ ವಾರಗಿತ್ತಿ, ಅವಳ ಮಕ್ಕಳು, ಎಲ್ಲರೂ ಕೆರೆದುಕೊಂಡೆವು. ಅಷ್ಟು ಸುಖವಿಲ್ಲದೆ ನಾನು ಎಂದೂ ಕೆರೆದುಕೊಂಡಿರಲಿಲ್ಲ. ದೇವೀರಿ ನಮ್ಮನ್ನೇ ನೋಡುತ್ತಿದ್ದಳು. ಅವಳ ಕೈ ಮಡಿಲಲ್ಲೇ ಇತ್ತು. ನಮ್ಮನ್ನು ನೋಡಿ ತಾನೂ ಕೈ ಎತ್ತಲು ಹೋಗಿ, ಮುದ್ದಮ್ಮ ತಲೆ ಅಲ್ಲಾಡಿಸಿದ್ದರಿಂದ ಮತ್ತೆ ಇಳಿಸಿದಳು. ಜವರಯ್ಯ ಟವೆಲ್ಲನ್ನು ಮುಖಕ್ಕೆ ಹಿಡಿದುಕೊಂಡರು.

ಮಧ್ಯಾಹ್ನ ಹಗ್ಗದ ಮನೆಯವರು ಕೆರೆದುಕೊಂಡರು. ಆಗಲೂ ದೇವೀರಿಯ ಭುಜ ತಣ್ಣಗೇ ಇತ್ತು. ಕೆಂಪಾಜಮ್ಮನ ತಮ್ಮನ ಮಗ, "ಹಂಗಾರೆ ಇದು ಯಾರ ಕೂಸು?" ಎಂದು ಗಟ್ಟಿಯಾಗಿ ಕೇಳಿದ. ಛತ್ರದ ಅಡುಗೆಯವಳು, ಪಾಪ ಒಳ್ಳೆಯ ಮನಸ್ಸಿನಿಂದಲೇ, "ನಮ್ಮಲ್ಲಿ ಕಿಟಕಿ ಪಕ್ಕದ ಜಾಗ ಖಾಲಿ ಐತೆ," ಎಂದಳು. ದೀಪ ಹಚ್ಚುವ ಹೊತ್ತಿನವರೆಗೂ ಕಾಯಬೇಕು ಎಂಬುದು ಕಟ್ಟಳೆ, ಹಾಗಾಗಿ ಯಾರೂ ಏಳಲಿಲ್ಲ. ಊಟ ತಂದರು. ನನ್ನ ಪಾಲನ್ನು ವಾರಗಿತ್ತಿಯ ಮಕ್ಕಳಿಗೆ ಕೊಟ್ಟೆ.

ಬಿಸಿಲು ಅರಳಿಮರದ ಆ ಬದಿಗೆ ಹೋಯಿತು. ಶಾಲೆಯ ಗಂಟೆ ಹೊಡೆಯಿತು. ನಾನು ಎದ್ದು ಹೋಗಿ ಕಡೆಯದಾಗಿ ಮಗುವಿಗೆ ಒಂದು ಲೋಟ ನೀರಾದರೂ ಕೊಡುತ್ತೇನೆ ಎಂದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ದೇವೀರಿ ಭುಜ ಕೊಡವಿದಳು. ಎಡಗೈ ತಾನಾಗಿ ಮೇಲೆದ್ದಿತು. ಆ ದೊಡ್ಡ ಕೂಟದ ನಡುವೆ, ಎಲ್ಲರ ಕಣ್ಣೂ ತನ್ನ ಮೇಲಿರುವಾಗ, ನನ್ನ ಮಗು ಒಬ್ಬಳೇ ಭುಜ ಕೆರೆದುಕೊಳ್ಳುತ್ತಾ ಅಳುತ್ತಿದ್ದಳು. ನಾನು ಅವಳನ್ನೇ ನೋಡುತ್ತಾ ನಿಂತುಬಿಟ್ಟೆ.

"ಹೊಂಬಾಳಿ," ಎಂದರು ಮುದ್ದಮ್ಮ. ಅವರ ದನಿ ಹೇಗೋ ಇತ್ತು. "ನಿನ್ ಕೈ ಎಲ್ಲೈತೆ?"

ನನ್ನ ಕೈ ಸೊಂಟದಲ್ಲಿತ್ತು. ಸೆರಗು ಸಿಕ್ಕಿಸಿದ ಜಾಗವನ್ನು ನಾನು ಪರಪರ ಕೆರೆದುಕೊಳ್ಳುತ್ತಿದ್ದೆ. "ಬೆವರುಸಾಲೆ ಮುದ್ದಮ್ಮಾರೆ," ಎಂದೆ. ಹಾಗೆಂದವಳಿಗೆ ಕೈ ನಿಲ್ಲಿಸಲು ಆಗಲಿಲ್ಲ. ಮುದ್ದಮ್ಮ ಮಣೆಯಿಂದ ಎದ್ದ ರಭಸಕ್ಕೆ ಅವರ ಎಲೆಯಡಿಕೆ ಚೀಲ ಕೆಳಗೆ ಬಿತ್ತು. ಹೆಂಗಸರು ನನ್ನ ಸುತ್ತ ಸೀರೆ ಅಡ್ಡ ಹಿಡಿದರು. ಮುದ್ದಮ್ಮ ಸೆರಗು ಎಳೆದು, ಬಗ್ಗಿ, ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದರು. ಎರಡು ಸುತ್ತು, ಹುರಿ ಹಾಕಿದ ಅಂಚು, ಕುಂಕುಮದ ಹಾಗೆ ಕೆಂಪು.

ನಾನು ಅಲ್ಲೇ ನೆಲಕ್ಕೆ ಕೂತು ಕೈ ಚಾಚಿದೆ. ದೇವೀರಿ ಓಡಿಬಂದು ನನ್ನ ಮಡಿಲಿಗೆ ಬಿದ್ದಳು. ಅವಳು ಭುಜ, ನಾನು ಸೊಂಟ, ಇಬ್ಬರೂ ಅಳುತ್ತಾ ನಗುತ್ತಾ ಕೆರೆದುಕೊಂಡೆವು. ನನ್ನ ಜೀವಮಾನದಲ್ಲಿ ಅಂಥ ಸುಖದ ತುರಿಕೆ ಬಂದಿರಲಿಲ್ಲ, ಇನ್ನು ಬಂದರೂ ಅದಕ್ಕೆ ಸಮನಾಗದು.

"ಟವೆಲ್ ಕೊಟ್ಟವಳೆ! ಮೋಸ!" ಎಂದು ಕೆಂಪಾಜಮ್ಮನ ತಮ್ಮನ ಮಗ ಕೂಗಿದ. "ಒಂದು ಸಲಾನೂ ಇಲ್ಲ," ಎಂದೆ. ಆಮೇಲೆ ನನಗೇ ಹೊಳೆಯಿತು. "ಮುಖ ಒರೆಸ್ತಿದ್ದೆ, ಸೆರಗಲ್ಲಿ."

ಮುದ್ದಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತರು. "ಟವೆಲ್ ಬ್ಯಾಡ ಅಂದಿದ್ದೆ, ಚಾಪೆ ಬ್ಯಾಡ ಅಂದಿದ್ದೆ, ಬಾಚಣಿಗೆ ಬ್ಯಾಡ ಅಂದಿದ್ದೆ. ಸೆರಗು ಬ್ಯಾಡ ಅಂತ ನಾನು ಅಂದಿಲ್ಲ. ಅಳೋ ಕೂಸ್ನ ಸೆರಗಲ್ಲಿ ಒರೆಸ್ಬ್ಯಾಡ ಅನ್ನಕ್ಕೆ ಯಾರಿಗಾದ್ರೂ ಬಾಯಿ ಬರ್ತದೇನೋ, ಮೂದೇವಿ?" ಎಂದು ಅವನನ್ನು ಗದರಿ, ಡಾಕ್ಟರಮ್ಮನ ಕಡೆ ತಿರುಗಿದರು. "ಏನಮ್ಮ, ನಿನ್ ಗಾಜಿನ ತಟ್ಟೆ ಏನಂತದೆ?"

"ಇಡೀ ಊರಿನಲ್ಲಿ ಆ ಮಗುವಿನ ದುಂಡಿಗೆ ಕೂಡುವಂಥದ್ದು ನಾನು ಒಂದೂ ನೋಡಿರಲಿಲ್ಲ," ಎಂದರು ಆಕೆ, ಮೂಗು ಒರೆಸಿಕೊಳ್ಳುತ್ತಾ. "ಈಗ ಒಂದನ್ನ ನೋಡಿದೆ."

"ಯಾರ ಜೊತೆ ಕೆರ್ಕೊಂಡ್ಳೋ ಅವರ ಮನೆ. ಏಳ್ರಿ, ಟೀ ಕಾಯ್ಸಿ," ಎಂದರು ಮುದ್ದಮ್ಮ. ಅಷ್ಟೇ ತೀರ್ಪು.

ಮನೆಗೆ ಬಂದ ಮೇಲೆ ಜವರಯ್ಯನ ಮುಖ ಸಣ್ಣದಾಗಿತ್ತು. "ನಿಂಗೆ ಬಂತು, ನಂಗ್ಯಾಕೆ ಬರ್ಲಿಲ್ಲ?" ಎಂದು ಮಗುವಿನ ಹಾಗೆ ಕೇಳಿದರು. "ನೀವು ಯಾವತ್ತಾದ್ರೂ ಅವಳ ಮೂಗು ಒರೆಸಿದ್ರೆ ತಾನೇ?" ಎಂದೆ. ಮಾರನೆಯ ದಿನದಿಂದ ಪುರಿಮೂಟೆ ಹೊರುವಾಗ ನನ್ನ ಹಳೆಯ ಸೀರೆಯ ಸೆರಗಿನ ತುಂಡೊಂದನ್ನು ಹೆಗಲಿಗೆ ಹಾಕಿಕೊಂಡು ತಿರುಗತೊಡಗಿದರು. ಯಾರಾದರೂ ಕೇಳಿದರೆ ಬಿಸಿಲಿಗೆ ಎನ್ನುತ್ತಿದ್ದರು. ಈಗ ಅವರಿಗೂ ಬೆನ್ನ ಮೇಲೆ ಎದ್ದಿದೆ. ಕೈಗೆ ಎಟುಕದ ಜಾಗ, ದೇವೀರಿಯೇ ಕೆರೆಯಬೇಕು.

ಕೆಂಪಾಜಮ್ಮ ಸ್ವಲ್ಪ ದಿನ ಬರಲಿಲ್ಲ. ಆಮೇಲೆ ಒಂದು ಮಧ್ಯಾಹ್ನ ಕಂಕುಳಲ್ಲಿ ಉಯ್ಯಾಲೆಯ ಹಗ್ಗ ಇಟ್ಟುಕೊಂಡು ಬಂದರು. ತಾವೇ ಹೊಸೆದದ್ದು, ಮಗುವಿನ ಅಂಗೈಗೆ ಚುಚ್ಚದ ಹಾಗೆ ನಾರನ್ನು ಮತ್ತೆ ಮತ್ತೆ ಬಡಿದು ಮೆದು ಮಾಡಿದ್ದು. ಹಿತ್ತಲಿನ ಹುಣಸೆಮರಕ್ಕೆ ಕಟ್ಟಿದೆವು. ದೇವೀರಿ ತೂಗಿಕೊಳ್ಳುತ್ತಿರುವಾಗ ನನ್ನ ಪಕ್ಕದಲ್ಲಿ ಕೂತು ಅವರು ಮೆಲ್ಲಗೆ ಹೇಳಿದರು, "ನಂಗೂ ಎದೆ ಹಗುರಾಯ್ತು ಕಣವ್ವ. ಸ್ವಂತ ಮೊಮ್ಮಗಳ್ನ ಬಿಟ್ಟೋಳು ಅಂತ ಕೇರೀಲಿ ಆಡ್ಕೊಂತಿದ್ರು. ಅದ್ಕೆ ಕೇಳ್ಕೊಂಡು ಬಂದೆ. ಕೂಸು ಬಂದ್ಬುಟ್ಟಿದ್ರೆ ಈ ಕೆಮ್ಮಲ್ಲಿ ಹೆಂಗೆ ಸಾಕ್ಲಿ ಅಂತ ದಿನಾ ಹೆದರ್ಕೊಂಡಿದ್ದೆ." ನಾನು ಅವರ ಮೇಲೆ ಇಷ್ಟು ದಿನ ಇಟ್ಟುಕೊಂಡಿದ್ದ ಸಿಟ್ಟು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

ಟೀ ಹೊತ್ತಾಯಿತು. ದೇವೀರಿ ಉಯ್ಯಾಲೆ ನಿಲ್ಲಿಸಿ ಭುಜಕ್ಕೆ ಕೈ ಹಾಕಿದಳು, ನಾನು ಸೊಂಟಕ್ಕೆ, ಭಟ್ಟಿಯ ಬಾಗಿಲಲ್ಲಿ ಜವರಯ್ಯ ಕಂಬಕ್ಕೆ ಬೆನ್ನು ಉಜ್ಜತೊಡಗಿದರು. ಕೆಂಪಾಜಮ್ಮ ನಮ್ಮ ಮೂವರನ್ನೂ ನೋಡುತ್ತಾ, ಖಾಲಿ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ದೇವೀರಿಯ ಮುಖವೆಲ್ಲ ಬೆವರು, ದೂಳು.

"ದೊಡ್ಡವ್ವ, ನನ್ ಕೈಯೆಲ್ಲ ಮರಳಾಗ್ಯದೆ. ಒಸಿ ಅವಳ ಮುಖ ಒರೆಸಿ," ಎಂದೆ.

ಅವರು ಟವೆಲ್ಲಿಗೆ ಅತ್ತಿತ್ತ ಹುಡುಕಿದರು.

"ಟವೆಲ್ ಯಾಕೆ? ನಿಮ್ ಸೆರಗಿಲ್ವಾ?"

ಕೆಂಪಾಜಮ್ಮ ನನ್ನ ಸೊಂಟದ ಕಡೆ ಕಣ್ಣು ಹಾಯಿಸಿ, ತಮ್ಮ ಸೆರಗಿನ ತುದಿಯನ್ನು ಕೈಗೆ ತೆಗೆದುಕೊಂಡರು. ಆಮೇಲೆ ಮೊಮ್ಮಗಳನ್ನು ಹತ್ತಿರ ಕರೆದು ಹಣೆ, ಕೆನ್ನೆ, ಕತ್ತು, ಭುಜ, ಎಲ್ಲವನ್ನೂ ನಿಧಾನವಾಗಿ ಒರೆಸಿದರು. ಟೀ ಕುಡಿದು ಹೊರಟಾಗಲೂ ಆ ಸೆರಗನ್ನು ಬಿಸಿಲಿಗೆ ಹಿಡಿಯಲಿಲ್ಲ. ಒದ್ದೆಯಾಗಿದ್ದ ಹಾಗೇ ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿಕೊಂಡು ಹಗ್ಗದ ಕೇರಿಗೆ ನಡೆದರು.